ಪಹರೆ ಬದಲಾಗುತ್ತದೆ, ಗೇಟು ಅಲ್ಲೇ ಇರುತ್ತದೆ

2023ರ ಮೇ 13, ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದ ದಿನ. ಸಂಜೆ ಮೂಗೂರಿನ ಚಹಾದಂಗಡಿಗೆ ಹೋದೆ. ದಿನಾ ನನ್ನ ಜೊತೆ ಕೂತು ಪೇಪರ್ ಓದುವ ನೆರೆಮನೆಯ ಯಜಮಾನರು ಅಂದು ತಲೆ ಎತ್ತಲಿಲ್ಲ. "ಏನ್ ಸಾಹೇಬ್ರೇ, ನಿಮ್ಮೋರು ಗೆದ್ರಲ್ಲ ಬುಡಿ" ಅಂದರು, ಅಷ್ಟೇ. ಮನೆಗೆ ಬಂದರೆ ಮೊಮ್ಮಗ ಬಾಗಿಲಲ್ಲೇ ನಿಂತಿದ್ದ, "ಪಟಾಕಿ ತರ್ಲಾ?" ಎಂದು ಕೇಳಿದ. ಬೇಡ ಎಂದೆ. ಯಾಕೆ ಬೇಡ ಎಂಬುದನ್ನು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೂಲ ಬಂಟ್ವಾಳದ ಕಡೆ. ಮಗ ಮೂಗೂರಿನಲ್ಲಿ ಅಂಗಡಿ ಇಟ್ಟ ಮೇಲೆ ನಾನೂ ಇಲ್ಲಿಯವನಾದೆ. ಅದಕ್ಕೂ ಮೊದಲು ಸೈನ್ಯದಲ್ಲಿದ್ದೆ.

1977ರಲ್ಲಿ ನಮ್ಮ ತುಕಡಿ ಜಮ್ಮು ಕಡೆ ಇತ್ತು. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ರಾಷ್ಟ್ರಪತಿಯೆಂದರೆ ಸೇನೆಯ ಮಹಾದಂಡನಾಯಕ. ಕನ್ನಡಿಗನೊಬ್ಬ ಆ ಜಾಗಕ್ಕೆ ಬಂದನೆಂದು ನಾವು ನಾಲ್ಕೈದು ಕನ್ನಡದ ಹುಡುಗರು ಹಿಗ್ಗಿದ್ದೆವು.

ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತರು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತ್ತು. ನಮ್ಮ ಮನೆಯವರು ವೋಟು ಹಾಕಿದ್ದೂ ಅದಕ್ಕೇ. ತುರ್ತು ಪರಿಸ್ಥಿತಿ ಹೇರಿದವರು ಕುರ್ಚಿ ಬಿಡುತ್ತಾರಾ ಎಂದು ರೇಡಿಯೋ ಮುಂದೆ ಕೂತವರಿಗೆಲ್ಲ ಸಂಶಯ. ಬಿಟ್ಟರು. ಮಾರ್ಚ್ 24ರಂದು ಕಾಂಗ್ರೆಸ್ಸಿನಿಂದಲೇ ಬೆಳೆದ ಜತ್ತಿಯವರು ಜನತಾ ಪಕ್ಷದ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದರು. ಮರುದಿನ ಬೆಳಗ್ಗೆ ನಮ್ಮ ಪರೇಡ್ ಎಂದಿನಂತೆ ನಡೆಯಿತು. ಸೋತ ಇಂದಿರಾ 1978ರಲ್ಲಿ ಚಿಕ್ಕಮಗಳೂರಿನಿಂದ ಗೆದ್ದು, 1980ರಲ್ಲಿ ಮತ್ತೆ ಪ್ರಧಾನಿಯಾದರು. ಬಂದದ್ದೂ ವೋಟಿನಿಂದಲೇ.

ಸೈನ್ಯದಲ್ಲಿ ಪಹರೆ ಬದಲಿಸುವುದಕ್ಕೆ ಒಂದು ಕ್ರಮ ಇದೆ. ಹೊಸಬ ಬರುವವರೆಗೆ ಹಳಬ ಜಾಗ ಬಿಡುವಂತಿಲ್ಲ. ಬಂದ ಮೇಲೆ ಒಂದು ಗಳಿಗೆಯೂ ಹೆಚ್ಚು ನಿಲ್ಲುವಂತಿಲ್ಲ. ಬೀಗದ ಕೈ, ಸಾಮಾನಿನ ಲೆಕ್ಕ ಒಪ್ಪಿಸಿ ಹೊರಡಬೇಕು. ಇಬ್ಬರಿಗೂ ಮಾತುಕತೆ ಇದೆಯಾ ಇಲ್ಲವಾ ಎಂದು ಯಾರೂ ಕೇಳುವುದಿಲ್ಲ. ಯಾಕೆಂದರೆ ಗೇಟು ಇಬ್ಬರದ್ದೂ ಅಲ್ಲ.

2023ರಲ್ಲೂ ಆದದ್ದು ಅದೇ. ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66 ಸ್ಥಾನ ಬಂದವು. ಬಸವರಾಜ ಬೊಮ್ಮಾಯಿಯವರು ಸೋಲು ಒಪ್ಪಿಕೊಂಡು ಅದೇ ದಿನ ರಾಜೀನಾಮೆ ಕೊಟ್ಟರು. ಮೇ 20ರಂದು, ಬಿಜೆಪಿಯಿಂದ ಬಂದ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರೇ ಸಿದ್ದರಾಮಯ್ಯನವರಿಗೆ ಪ್ರಮಾಣವಚನ ಬೋಧಿಸಿದರು. ಇದೇ ಸಿದ್ದರಾಮಯ್ಯ 2018ರಲ್ಲಿ ಮುಖ್ಯಮಂತ್ರಿಯಾಗಿದ್ದುಕೊಂಡೇ ಚಾಮುಂಡೇಶ್ವರಿಯಲ್ಲಿ ಸೋತಿದ್ದರು. ನಮ್ಮ ಟಿ. ನರಸೀಪುರದಲ್ಲಿ ಆ ಸಲ ಸೋತ ಎಚ್.ಸಿ. ಮಹದೇವಪ್ಪ 2023ರಲ್ಲಿ ಗೆದ್ದು ಮಂತ್ರಿಯಾದರು. ಇಂದು ಸೋತವರಿಗೆ ನಾಳೆ ಅವಕಾಶ ಇದೆ ಎಂಬ ನಂಬಿಕೆ ಇದ್ದರೆ ಮಾತ್ರ ಸೋತವರು ಮನೆಗೆ ಹೋಗುತ್ತಾರೆ. ಅಮೆರಿಕದಲ್ಲಿ 2021ರ ಜನವರಿ 6ರಂದು ಸೋತ ಅಧ್ಯಕ್ಷರ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು. ಅಷ್ಟು ಹಳೆಯ ಪ್ರಜಾಪ್ರಭುತ್ವದಲ್ಲೂ ಹೀಗಾಗಬಹುದಾದರೆ ನಮ್ಮಲ್ಲಿ ಆಗುವುದೇ ಇಲ್ಲ ಎಂದು ಹೇಳಲು ಬರುವುದಿಲ್ಲ.

"ಅಂದ್ರೆ ಯಾರು ಬಂದ್ರೂ ಒಂದೇ ಅಂತೀರಾ?" ಎಂದು ಮೊಮ್ಮಗ ಕೇಳಿದ. ಒಂದೇ ಅಲ್ಲ. ಆ ವರ್ಷ ಮಾರ್ಚ್‌ನಲ್ಲಿ ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಸರ್ಕಾರ ರದ್ದು ಮಾಡಿದಾಗ ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳ ಸೀಟಿನ ಚಿಂತೆ ಹತ್ತಿತ್ತು ಎಂಬುದು ನಮಗೇ ಗೊತ್ತು. ಆದರೆ ಒಂದು ಸಂಗತಿ ಮರೆಯಬಾರದು. ಆ ಆದೇಶಕ್ಕೆ ತಡೆ ಬಿದ್ದದ್ದು ಸರ್ಕಾರ ಬದಲಾದ ಮೇಲಲ್ಲ. ಏಪ್ರಿಲ್‌ನಲ್ಲಿ, ಮತದಾನಕ್ಕೂ ಮೊದಲೇ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಸದ್ಯಕ್ಕೆ ಅದನ್ನು ಜಾರಿ ಮಾಡುವುದಿಲ್ಲ ಎಂದು ಆ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ವೋಟು ಹಾಕೋಣ, ತಪ್ಪಾದರೆ ಕೇಳೋಣ, ಕೋರ್ಟಿಗೂ ಹೋಗೋಣ. ನಮ್ಮ ಹಕ್ಕು ಇರುವುದು ಸಂವಿಧಾನದಲ್ಲಿ, ಯಾರದೋ ಕುರ್ಚಿಯಲ್ಲಿ ಅಲ್ಲ. ಗೆದ್ದವರನ್ನು "ನಮ್ಮೋರು" ಎಂದು ತಲೆ ಮೇಲೆ ಹೊತ್ತರೆ, ನಾಳೆ ಅವರನ್ನು ಪ್ರಶ್ನೆ ಕೇಳುವ ಬಾಯಿ ನಮಗೆ ಉಳಿಯುವುದಿಲ್ಲ.

ಇನ್ನು ಪಟಾಕಿ ವಿಷಯ. ಗೆದ್ದವರು ಬೆಂಗಳೂರಿನಲ್ಲಿರುತ್ತಾರೆ. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಆಟೋ ಹಿಡಿದು ತರುವವರು ನೆರೆಮನೆಯವರು. ಅವರ ಬಾಗಿಲ ಮುಂದೆ ಪಟಾಕಿ ಹೊಡೆದು ನಮಗೇನು ಸಿಗಬೇಕಾಗಿದೆ?

ಮರುದಿನ ಬೆಳಗ್ಗೆ ನಾನೇ ಚಹಾ ಹೇಳಿ ಯಜಮಾನರ ಪಕ್ಕ ಕೂತೆ. "ನಮ್ಮೋರು ಅಂತ ಯಾರೂ ಇಲ್ಲ ಯಜಮಾನ್ರೇ. ಕೆಲ್ಸ ಮಾಡ್ದಿದ್ರೆ ನೀವೂ ನಾನೂ ಸೇರ್ಕೊಂಡೇ ಕೇಳೋಣ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೇಪರಿನ ಅರ್ಧ ಹಾಳೆ ನನ್ನ ಕಡೆ ಸರಿಸಿದರು.