ಕಾಪುವಿನ ಬಂಡೆಯ ಮೇಲೊಂದು ಬೆಳಗು

ಮಾರೇನಹಳ್ಳಿಯವರು ಸಮುದ್ರವನ್ನು ಕಾಣಬೇಕಾದರೆ ಘಟ್ಟವನ್ನೇ ಇಳಿಯಬೇಕು. ನಮ್ಮ ಬೀದಿಯಲ್ಲಿ ಕೊರಳೆತ್ತಿದರೆ ಕಾಣುವುದು ಮಹಡಿಗಳ ಮೇಲಿನ ನೀರಿನ ತೊಟ್ಟಿಗಳು, ತಂತಿಯ ಮೇಲೆ ಕುಳಿತ ಪಾರಿವಾಳಗಳು, ಅವುಗಳ ಮೇಲೆ ಸುತ್ತುವ ಒಂದೆರಡು ಹದ್ದುಗಳು. ಇಷ್ಟರಿಂದಲೇ ತೃಪ್ತಿಪಡುವ ನಾಲ್ಕಾರು ಮನೆಯವರು ಸೇರಿ ಕಟ್ಟಿಕೊಂಡದ್ದು ನಮ್ಮ ಹಕ್ಕಿ ನೋಡುವ ಕೂಟ. ಅದಕ್ಕೆ ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಆದ್ದರಿಂದಲೇ ಜಗಳವೂ ಕಡಿಮೆ. ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಪಕ್ಷಿವೀಕ್ಷಕರು ಕಲೆಯುವ ಪದ್ಧತಿ 1970ರ ದಶಕದಿಂದ ಬಂದದ್ದು. ನಮ್ಮಲ್ಲಿ ಹಲವರ ಅಕ್ಷರಾಭ್ಯಾಸ ನಡೆದದ್ದು ಅಲ್ಲಿಯೇ.

ಕಳೆದ ಮೇ ತಿಂಗಳಿನಲ್ಲಿ ಕಾಪುವಿಗೆ ಹೋಗೋಣವೆಂದು ಸೂಚಿಸಿದವರು ನಮ್ಮ ಮೇಷ್ಟರು. ಅವರು ಹುಟ್ಟಿದ್ದು ಕರಾವಳಿಯಲ್ಲಿ, ನಿವೃತ್ತರಾದ ಮೇಲೆ ಇರುವುದು ಮಗನ ಮನೆಯಲ್ಲಿ. ಗ್ಲಾಕೋಮಾ ಎಂಬ ರೋಗ ಅವರ ದೃಷ್ಟಿಯನ್ನು ಅಂಚಿನಿಂದ ಒಳಕ್ಕೆ ಸವೆಸುತ್ತ ಬಂದಿದೆ. ಹನಿಮದ್ದು ಉಳಿದುದನ್ನು ಕಾಪಾಡಬಲ್ಲುದೇ ಹೊರತು ಹೋದುದನ್ನು ಮರಳಿ ತರಲಾರದು. ಲಾಲ್‌ಬಾಗಿನಲ್ಲಿ ಈ ಕೊರತೆ ನಮ್ಮ ಗಮನಕ್ಕೇ ಬರುತ್ತಿರಲಿಲ್ಲ. ಕುಟುರ, ಮಿಂಚುಳ್ಳಿ, ಮಧುರಕಂಠ ಎಲ್ಲವನ್ನೂ ಅವರು ಕಿವಿಯಿಂದಲೇ ಹಿಡಿದು ನಮಗೆ ಕೊಡುತ್ತಿದ್ದರು. ಆದರೆ ಸಮುದ್ರದ ಬದಿಯಲ್ಲಿ ಕಿವಿ ಏನು ಮಾಡೀತು? ಅಲೆಯ ಮೊರೆತ ಎಲ್ಲವನ್ನೂ ನುಂಗಿಬಿಡುತ್ತದೆ. ಇದನ್ನು ನಾವಾರೂ ಮುಂಚಿತವಾಗಿ ಯೋಚಿಸಿರಲಿಲ್ಲ. ಅವರು ಯೋಚಿಸಿದ್ದರೆಂದು ಈಗ ತೋರುತ್ತದೆ.

ರಾತ್ರಿಯ ಬಸ್ಸಿನಲ್ಲಿ ಹೊರಟು, ಮುಂಜಾನೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡಕ್ಕೆ ಬಂದೆವು. ಪಡುವಣ ಕಡಲಿನ ದಂಡೆಯಲ್ಲಿ ಬೆಳಗಿನ ಹೊತ್ತು ಹಕ್ಕಿ ನೋಡುವವರಿಗೆ ಒಂದು ಸೌಲಭ್ಯವುಂಟು: ಸೂರ್ಯ ತೆಂಗಿನ ತೋಟದ ಹಿಂದಿನಿಂದ ಏರುತ್ತಾನೆ, ನೋಡುವವನ ಬೆನ್ನಿಗೆ ಬಿಸಿಲು, ಹಕ್ಕಿಯ ಮೈಗೆ ಬೆಳಕು. ಇಳಿತದ ಸಮಯ. ಭರತ ಇಳಿತಗಳು ದಿನಕ್ಕೆ ಎರಡೆರಡು ಸಲ ಬರುವವಾದರೂ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ನಿನ್ನೆಯ ಗಡಿಯಾರವನ್ನು ನಂಬಿ ಬಂಡೆ ಹತ್ತಿದವನು ಒದ್ದೆಯಾಗಿಯೇ ಇಳಿಯಬೇಕು. ನೀರು ಸರಿದ ಬಂಡೆಗಳ ಮೇಲೆ ಹಸಿರು ಪಾಚಿ. ನಮ್ಮ ತಂಡದ ಒಬ್ಬ ಗೃಹಿಣಿ ಚಕ್ಕುಲಿಯ ಡಬ್ಬಿಯನ್ನು ಉಳಿಸುವ ಸಾಹಸದಲ್ಲಿ ತಾವೇ ಕುಳಿತುಬಿಟ್ಟರು. ಡಬ್ಬಿಗೆ ಏನೂ ಆಗಲಿಲ್ಲ.

ಮೇ ತಿಂಗಳೆಂದರೆ ಕಡಲತೀರದಲ್ಲಿ ಹಕ್ಕಿಗಳ ಬರಗಾಲ. ಚಳಿಗಾಲವನ್ನು ಇಲ್ಲಿ ಕಳೆದ ಕಡಲಕ್ಕಿಗಳೂ ಗೊರವಗಳೂ ಬಹುಮಟ್ಟಿಗೆ ಉತ್ತರದ ತಮ್ಮ ಬಾಣಂತಿ ಮನೆಗಳಿಗೆ ಹಿಂದಿರುಗಿರುತ್ತವೆ. ಬಂಡೆಯ ಅಂಚಿನಲ್ಲಿ ಎರಡು ಬಕಗಳು ಮೀನಿಗಾಗಿ ಹೊಂಚುಹಾಕಿದ್ದವು. ಒಂದು ಅಚ್ಚ ಬಿಳಿ, ಇನ್ನೊಂದು ಮಸಿಬೂದು, ಗಂಟಲಿನಲ್ಲಿ ಮಾತ್ರ ಬಿಳಿಯ ಗುರುತು. ಎರಡು ಜಾತಿಯೆಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಎರಡು ಸಾಲು ಬರೆದೆ. ಮೇಷ್ಟರು ಕೇಳಿ ನಕ್ಕರು. ಅದು ಕರಾವಳಿಯ ಬಂಡೆಬಕ. ಒಂದೇ ಜಾತಿಯಲ್ಲಿ ಎರಡು ಬಣ್ಣ, ಒಂದೇ ಮನೆಯಲ್ಲಿ ಅಣ್ಣ ಕಪ್ಪು ತಮ್ಮ ಬೆಳ್ಳಗೆ ಇರುವುದಿಲ್ಲವೆ? ಒಂದು ಸಾಲನ್ನು ಹೊಡೆದುಹಾಕಿದೆ.

ಆಗ ನಮ್ಮ ಎಂಟನೆಯ ತರಗತಿಯ ಹುಡುಗ, “ಗರುಡ! ತಲೆ ಬೆಳ್ಳಗಿದೆ” ಎಂದು ಕೂಗಿದ. ಗರುಡ ಅಲ್ಲಿ ಕಾಗೆಯಷ್ಟೇ ಸಾಮಾನ್ಯವಾದ್ದರಿಂದ ನಾವಾರೂ ತಿರುಗಲಿಲ್ಲ. ಮೇಷ್ಟರು ಮಾತ್ರ ಹುಡುಗನ ದನಿ ಬಂದ ಕಡೆಗೆ ಮುಖ ಮಾಡಿದರು.

“ಬೆನ್ನು ಕೆಂಪಗಿದೆಯೆ?”

“ಇಲ್ಲ, ಬೂದು.”

“ಹೊಟ್ಟೆ?”

“ಪೂರ್ತಿ ಬಿಳಿ. ರೆಕ್ಕೆಯ ಹಿಂದಿನ ಅಂಚು ಕಪ್ಪು.”

“ಬಾಲ ನೋಡು. ಅವಸರಪಡಬೇಡ.”

“ಗಿಡ್ಡ… ಬೆಣೆಯ ಹಾಗೆ. ಅದೂ ಬಿಳಿ.”

“ತೇಲುವಾಗ ರೆಕ್ಕೆಯನ್ನು ಹೇಗೆ ಹಿಡಿದಿದೆ?”

ಹುಡುಗನಿಗೆ ಮಾತು ಸಿಗಲಿಲ್ಲ. ತನ್ನ ಎರಡು ತೋಳುಗಳನ್ನೇ ಓರೆಯಾಗಿ ಮೇಲೆತ್ತಿ ನಿಂತ. ಮೇಷ್ಟರು ಕೈಚಾಚಿ, ಭುಜದಿಂದ ಬೆರಳಿನವರೆಗೆ ಆ ತೋಳುಗಳನ್ನು ಸವರಿ ನೋಡಿದರು.

“ಕಡಲಹದ್ದು” ಎಂದರು.

ನಾವೆಲ್ಲ ದುರ್ಬೀನುಗಳನ್ನು ಎತ್ತಿದೆವು. ಚಾಚಿದ ರೆಕ್ಕೆ ಸುಮಾರು ಎರಡು ಮೀಟರು; ಮೀನು ಮತ್ತು ಕಡಲಹಾವುಗಳನ್ನು ನೀರಿನಿಂದ ಎತ್ತಿಕೊಂಡು ಹೋಗುವ ಹಕ್ಕಿ. ದಂಡೆಯ ಎತ್ತರದ ಮರದಲ್ಲಿ ಜೋಡಿಯೊಂದು ಅದೇ ಗೂಡಿಗೆ ವರ್ಷವರ್ಷವೂ ಕಡ್ಡಿ ಸೇರಿಸುತ್ತ ಹೋಗುತ್ತದೆ. ಅಂಥ ಮರ ಕಡಿದರೆ ಮನೆತನವೇ ಎದ್ದುಹೋದಂತೆ. ತಮ್ಮ ಬಾಲ್ಯದಲ್ಲಿ ಮನೆಯ ಹಿಂದಿನ ಮರದಲ್ಲಿ ಒಂದು ಗೂಡಿತ್ತೆಂದು ಮೇಷ್ಟರು ಹೇಳಿದರು. ಹಕ್ಕಿ ಉತ್ತರಕ್ಕೆ ಸಾಗಿ ಮರೆಯಾಯಿತು.

ಪಟ್ಟಿಯಲ್ಲಿ ನಾನು ಮೇಷ್ಟರ ಹೆಸರಿನ ಮುಂದೆ ಕಡಲಹದ್ದನ್ನು ಬರೆಯಹೋದೆ. ಅವರು ತಡೆದರು. “ಹುಡುಗನ ಹೆಸರು ಹಾಕಿ. ನಾನು ಕಂಡಿಲ್ಲ.” ಗುರುತಿಸಿದವರು ನೀವೇ ಅಲ್ಲವೆ ಎಂದು ವಾದಿಸಿದೆ, ಅವರು ಒಪ್ಪಲಿಲ್ಲ. ಅಷ್ಟರಲ್ಲಿ ನೀರು ಏರತೊಡಗಿತು. ಹುಡುಗ ಮೇಷ್ಟರ ಕೈ ಹಿಡಿದು ಮುಂದೆ ಇಳಿದ. ದಂಡೆ ಮುಟ್ಟುವವರೆಗೂ ಅವನ ದನಿ ಕೇಳುತ್ತಿತ್ತು: “ಇಲ್ಲಿ ಒಂದು ಗೇಣು ಇಳಿಜಾರು, ಮೇಷ್ಟ್ರೇ. ಎಡಗಡೆ ಪಾಚಿ. ಈಗ ಮರಳು.”