ಸಂಕಟದಲ್ಲಿ ನಿರೀಕ್ಷೆ

ಬೇಡಿದ್ದು ದೊರೆಯದೆ, ನೆಚ್ಚಿದವರು ಅಗಲಿಹೋದಾಗ, ದೇವರು ನಮ್ಮನ್ನು ಮರೆತನೋ ಎಂಬ ಸಂಶಯವು ಭಕ್ತರ ಮನೆಗಳಲ್ಲಿಯೂ ಹುಟ್ಟುವುದುಂಟು. ಅದಕ್ಕಾಗಿ ನಾವು ಯಾರನ್ನೂ ಗದರಿಸಲಾರೆವು. ಕೀರ್ತನೆಗಾರನೂ ಹಾಗೆಯೇ ಮೊರೆಯಿಟ್ಟನಲ್ಲವೇ?

ಪಂಡಿತಾ ರಮಾಬಾಯಿಯವರ ಜೀವಿತವನ್ನು ನೋಡೋಣ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಈ ವಿದುಷಿಯು ಎಳೆಯ ಪ್ರಾಯದಲ್ಲಿಯೇ ಕ್ಷಾಮದಿಂದ ತಂದೆತಾಯಿಗಳನ್ನೂ, 1882ರಲ್ಲಿ ಪತಿಯನ್ನೂ ಕಳಕೊಂಡರು. 1883ರಲ್ಲಿ ದೀಕ್ಷಾಸ್ನಾನ ಹೊಂದಿದ ಮೇಲಾದರೂ ದುಃಖವು ತೊಲಗಿತೇ? ಇಲ್ಲ. ಆದರೂ 1896-97ರ ಕ್ಷಾಮದಲ್ಲಿ ನೂರಾರು ಅನಾಥ ಸ್ತ್ರೀಯರಿಗೂ ಬಾಲಿಕೆಯರಿಗೂ ಪುಣೆಯ ಸಮೀಪದ ಕೇಡಗಾಂವದಲ್ಲಿ ಆಶ್ರಯವಿತ್ತರು. ತಮ್ಮ ಸೇವೆಯನ್ನು ಮುಂದುವರಿಸುವರೆಂದು ನೆಚ್ಚಿದ್ದ ಏಕಮಾತ್ರ ಪುತ್ರಿ ಮನೋರಮಾಬಾಯಿಯೂ 1921ರಲ್ಲಿ ತೀರಿಹೋದರು. ತಾಯಿಯ ಕೈಯಲ್ಲಿ ಆಗ ಇಬ್ರಿಯ, ಗ್ರೀಕ್ ಮೂಲಗಳಿಂದ ಮರಾಠಿಗೆ ಮಾಡುತ್ತಿದ್ದ ಸತ್ಯವೇದದ ಭಾಷಾಂತರವಿತ್ತು. ಅದನ್ನು ಬಿಡದೆ ಮುಗಿಸಿ, 1922ರ ಏಪ್ರಿಲಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಕಣ್ಣೀರು ಬತ್ತಿದರೆ ಮಾತ್ರ ದೇವರು ಸಮೀಪದಲ್ಲಿದ್ದಾನೆಂದು ಎಣಿಸುವವರು ಈ ಕೊನೆಯ ತಿಂಗಳುಗಳನ್ನು ನೆನೆಯಲಿ. ಕಣ್ಣೀರಿನ ನಡುವೆಯೂ ಆ ದಿನದ ಕೆಲಸಕ್ಕೆ ಬೇಕಾದ ಬಲವು ಅವರಿಗೆ ದೊರೆಯುತ್ತಿತ್ತು. ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಂತೆ ಕೂಗಿದ ಕರ್ತನು ಇಂಥವರ ಸಂಗಡ ಇರದೆ ಹೋದಾನೇ?

ಈ ಸಂಜೆಯ ಮನೆಪ್ರಾರ್ಥನೆಯಲ್ಲಿ ನಾಳಿನ ಒಂದು ಕರ್ತವ್ಯಕ್ಕೆ ಸಾಕಾಗುವಷ್ಟು ಬಲವನ್ನು ನಾವೆಲ್ಲರೂ ಕೇಳಿಕೊಳ್ಳೋಣ.