‘ಗ್ಯಾಸ್’ ಅಲ್ಲ ಸ್ವಾಮಿ, ಅನ್ನನಾಳ ತೂತಾಗಿದೆ!

ಕಡೂರು, ತರೀಕೆರೆ, ಅಜ್ಜಂಪುರ... ನಮ್ಮ ಕಡೆ ಎಲ್ಲೇ ಹೋಗಿ, ಗಂಟಲಲ್ಲಿ ಮೀನಿನ ಮುಳ್ಳೋ ಕೋಳಿ ಮೂಳೆಯೋ ಸಿಕ್ಕಿಕೊಂಡರೆ ಒಂದೇ ಔಷಧಿ: “ಅನ್ನದ ಉಂಡೆ ನುಂಗು”. ಮಾರನೇ ದಿನ ಎದೆನೋವು ಅಂದರೆ “ಗ್ಯಾಸು”! ನನ್ನ ಜಗಳ ಈ ಎರಡು ಮಾತಿನ ಮೇಲೆ.

ಹಾಗೆ ತಳ್ಳಿದ ಮೂಳೆ ಅನ್ನನಾಳವನ್ನು ತೂತು ಮಾಡಬಹುದು. ಜೋರು ವಾಂತಿಯಿಂದಲೂ ಅದು ಹರಿಯಬಹುದು ಅಂತ ಡಚ್ ವೈದ್ಯ ಬೋರ್ಹಾವೆ 1724ರಲ್ಲೇ ಬರೆದಿಟ್ಟಿದ್ದ. ತಿಂದದ್ದು, ಎಂಜಲು ಎದೆಗೂಡಿಗೆ ಸೋರಿ ಕೀವಾಗುತ್ತದೆ. ಕುತ್ತಿಗೆಯ ಚರ್ಮ ಒತ್ತಿದಾಗ ಚರಚರ ಅಂದರೆ ಒಳಗೆ ಗಾಳಿ ಸೋರಿರಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತೆ. ಬೇಗ ಸಿಕ್ಕರೆ ಹೊಲಿಗೆ ಹಾಕಿ ಉಳಿಸಬಹುದು. 24 ಗಂಟೆ ದಾಟಿದರೆ ಸಾವಿನ ಅಪಾಯ ತುಂಬಾ ಹೆಚ್ಚುತ್ತದೆ. ಆ ಗಂಟೆಗಳನ್ನೇ ನಾವು ಗ್ಯಾಸ್ ಮಾತ್ರೆಗೆ ಕಳೆಯೋದು!

“ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ” ಅನ್ನಬೇಡಿ. ಆ ಮಾತ್ರೆ ಬರೆದುಕೊಡೋರು ಓದಿದವರೇ ತಾನೆ? ತಾಲ್ಲೂಕು ಆಸ್ಪತ್ರೆಯಲ್ಲೇ ಎದೆ ಕೊಯ್ಯಿರಿ ಅಂತ ಯಾರೂ ಕೇಳ್ತಿಲ್ಲ. ಬಾಯಿಗೆ ಏನೂ ಕೊಡಬೇಡಿ, ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಹಾಕಿ, 108ರಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿ. ಎಕ್ಸ್‌ರೇ ಸರಿ ಇದೆ ಅಂತ ಮಾತ್ರ ಮನೆಗೆ ಕಳಿಸಬೇಡಿ. ಮೊದಮೊದಲು ಅದರಲ್ಲಿ ಏನೂ ಕಾಣದೇ ಇರಬಹುದು.

ಅನುಮಾನ ಪಡೋದಕ್ಕೆ ಮಷೀನ್ ಬೇಕಾ? ನೀವೇನಂತೀರಿ?